ಬಾಗಿಲು ಎಲ್ಲಿದೆ?

ಕನ್ನಡ ಮೇಷ್ಟರಿಗೂ ಸೂಕ್ಷ್ಮದರ್ಶಕಕ್ಕೂ ಏನು ಸಂಬಂಧ ಎಂದು ನನ್ನ ಮನೆಯಾಕೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆರು ತಿಂಗಳಿಂದ ಪ್ರತಿ ಭಾನುವಾರ ಕಾಫಿ ಕುಡಿದವನೇ ಚಪ್ಪಲಿ ಮೆಟ್ಟಿಕೊಂಡು ಎರಡು ಬೀದಿ ಆಚೆಯ ಕಲ್ಲು ಮೇಷ್ಟರ ಮನೆಗೆ ಹೊರಟುಬಿಡುತ್ತೇನೆ. ಊಟದ ಹೊತ್ತಿಗೆ ಒಂದು ಕಣ್ಣನ್ನು ಕೆಂಪಗೆ ಮಾಡಿಕೊಂಡು ಹಿಂದಿರುಗುತ್ತೇನೆ. ಇಸ್ಪೀಟಿನ ಚಟವಾಗಿದ್ದರೆ ಅವಳಿಗೆ ಅರ್ಥವಾಗುತ್ತಿತ್ತು. ಬೈಯುವುದಕ್ಕೂ ಒಂದು ದಾರಿಯಿರುತ್ತಿತ್ತು.

ಕಲ್ಲು ಮೇಷ್ಟರು ಎಂದರೆ ನಮ್ಮ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದವರು. ಅವರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇದೆ. ಆದರೆ ಮೂವತ್ತು ವರ್ಷದ ವಿದ್ಯಾರ್ಥಿಗಳು ಕೂಡಿ ಇಟ್ಟ ಹೆಸರನ್ನು ಅಳಿಸುವುದು ಯಾರಿಂದ ಸಾಧ್ಯ? ನಾನು ಕೆಲಸಕ್ಕೆ ಸೇರಿದಾಗ ಅವರ ನಿವೃತ್ತಿ ಹತ್ತಿರವಾಗಿತ್ತು. ಅವರು ಹೋದ ಮೇಲೆ ಆ ವಿಭಾಗಕ್ಕೆ ಹುಡುಗರು ಬರಲಿಲ್ಲ. ಹುಡುಗರು ಬಾರದ ಮೇಲೆ ವಿಭಾಗವೂ ಉಳಿಯಲಿಲ್ಲ. ಕಪಾಟಿನಲ್ಲಿದ್ದ ಕಲ್ಲುಗಳನ್ನು ಏನು ಮಾಡಬೇಕೆಂದು ತೋಚದೆ ಕೆಲವನ್ನು ಹೂದೋಟದ ಅಂಚಿಗೆ ಸಾಲಾಗಿ ಇರಿಸಿ ಸುಣ್ಣ ಬಳಿಸಿದರು. ಮೇಷ್ಟರು ಅದನ್ನು ನೋಡಿ ಏನೂ ಹೇಳಲಿಲ್ಲ. ಮರುದಿನ ಆಟೋ ತಂದು, ಗಾಜಿನ ಸ್ಲೈಡುಗಳನ್ನು ಜೋಡಿಸಿದ್ದ ಒಂದು ಮರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ಹೋದರು. ಸಾಮಾನು ಹರಾಜಾದಾಗ ಹಳೆಯ ಸೂಕ್ಷ್ಮದರ್ಶಕವನ್ನೂ ಕೊಂಡರು.

ಈಗ ಅವರಿಗೆ ಎಪ್ಪತ್ತರ ಹತ್ತಿರ. ಕಣ್ಣಿಗೆ ಒಂದು ವಿಚಿತ್ರವಾದ ಕಾಯಿಲೆ ಬಂದಿದೆ. ಅಕ್ಷಿಪಟಲದ ನಡುಭಾಗ ಸವೆದುಹೋಗಿ, ನೋಡಬೇಕೆಂದು ಯಾವುದರ ಮೇಲೆ ದೃಷ್ಟಿ ನೆಡುತ್ತಾರೋ ಅದೇ ಕಾಣುವುದಿಲ್ಲ. ಅದರ ಸುತ್ತಲಿನದೆಲ್ಲ ಕಾಣುತ್ತದೆ. ನಾನು ಎದುರಿಗೆ ಕೂತರೆ ನನ್ನ ಕಿವಿಗಳು ಕಾಣುತ್ತವಂತೆ, ಮುಖ ಕಾಣುವುದಿಲ್ಲವಂತೆ. “ನಷ್ಟವೇನಿಲ್ಲ ಬಿಡಿ ಸ್ವಾಮಿ” ಎಂದು ನಗುತ್ತಾರೆ. ಆದರೆ ಪೆಟ್ಟಿಗೆಯ ವಿಷಯದಲ್ಲಿ ನಗು ಬರಲಿಲ್ಲ. ಸ್ಲೈಡುಗಳನ್ನು ತೆಗೆದುಕೊಳ್ಳಬಹುದಾದ ಸಂಸ್ಥೆಯೊಂದು ಮೊದಲು ಸರಿಯಾದ ಪಟ್ಟಿ ಕಳಿಸಿ ಎಂದು ಬರೆದಿತ್ತು. ಪಟ್ಟಿ ಮಾಡಲು ಕಣ್ಣು ಬೇಕು. ಹೀಗೆ ನನ್ನ ಕಣ್ಣು ಭಾನುವಾರಗಳಂದು ಬಾಡಿಗೆಗೆ ಹೋಯಿತು. ಬಾಡಿಗೆ ಎರಡು ಲೋಟ ಕಾಫಿ.

ಮೊದಲ ದಿನ ಅವರು ಹೆಸರು ಹೇಳಿದಾಗ ನನಗೆ ಡೈನೊಸಾರಿನ ನೆನಪಾಯಿತು. “ಡೈನೊಫ್ಲಾಜೆಲೇಟ್” ಎಂದರು. ದೈತ್ಯ ಪ್ರಾಣಿಗಳ ಬಂಧುಗಳು ಈ ಗಾಜಿನ ಚೂರಿನಲ್ಲಿ ಹೇಗೆ ಹಿಡಿಸಿದವು ಎಂದು ಕೇಳಿದೆ. ಗ್ರೀಕಿನಲ್ಲಿ ಒಂದು ‘ಡೈನೊ’ ಭಯಂಕರವಾದದ್ದು, ಇನ್ನೊಂದು ‘ಡೈನೊ’ ಗಿರಗಿರನೆ ಸುತ್ತುವುದು. ಕಿವಿಗೆ ಒಂದೇ, ಹುಟ್ಟು ಬೇರೆ ಎಂದು ಅವರು ವಿವರಿಸಿದರು. ಭಾಷೆ ಕಲಿಸುವವನಿಗೆ ಕಲ್ಲು ಕಲಿಸುವವರು ಶಬ್ದದ ಪಾಠ ಹೇಳಬೇಕಾಗಿ ಬಂದದ್ದು ನನಗೆ ಸ್ವಲ್ಪ ಅವಮಾನವೇ ಆಯಿತು.

ಡೈನೊಫ್ಲಾಜೆಲೇಟುಗಳು ನೀರಿನಲ್ಲಿ, ಹೆಚ್ಚಾಗಿ ಕಡಲಿನಲ್ಲಿ, ಚಾಟಿಯಂತಹ ಎರಡು ಎಳೆಗಳನ್ನು ಬೀಸುತ್ತ ಬುಗುರಿಯಂತೆ ತಿರುಗುತ್ತ ಸಾಗುವ ಒಂಟಿ ಕೋಶದ ಜೀವಿಗಳು. ಈಗ ಬದುಕಿರುವ ಜಾತಿಗಳೇ ಎರಡು ಸಾವಿರಕ್ಕೆ ಕಡಿಮೆಯಿಲ್ಲ. ನಮ್ಮ ಕರಾವಳಿಯ ಅಲೆಗಳು ಕೆಲವು ರಾತ್ರಿ ನೀಲಿಯಾಗಿ ಮಿನುಗುವುದು ಇದೇ ಕುಲದ ಒಂದು ಜೀವಿಯಿಂದ. ಇವುಗಳಲ್ಲಿ ಹಲವಕ್ಕೆ ಮೈಮೇಲೆ ಫಲಕಗಳನ್ನು ಜೋಡಿಸಿದಂತಹ ಒಂದು ಕವಚವುಂಟು. ನಡುವಿಗೆ ಒಡ್ಯಾಣದಂತೆ ಒಂದು ಕಾಲುವೆ. ಜೀವಿ ಸತ್ತರೆ ಈ ಕವಚ ಕೊಳೆತುಹೋಗುತ್ತದೆ. ಆದರೆ ನೂರಕ್ಕೆ ಹದಿನೈದರಷ್ಟು ಜಾತಿಗಳು ಜೀವನದ ಒಂದು ಘಟ್ಟದಲ್ಲಿ ಕವಚದೊಳಗೆ ಇನ್ನೊಂದು ಗಟ್ಟಿ ಗೂಡು ಕಟ್ಟಿಕೊಂಡು ಕಡಲ ತಳದ ಕೆಸರಿಗೆ ಇಳಿದು ಮಲಗುತ್ತವೆ. ಇದಕ್ಕೆ ಸಿಸ್ಟ್ ಎಂದು ಹೆಸರು. ಕಾಲ ಕೂಡಿ ಬಂದಾಗ ಎಚ್ಚರಗೊಂಡು ಗೂಡಿನ ಒಂದು ಕಡೆ ಮುಚ್ಚಳ ತೆಗೆದು ಹೊರಗೆ ಹೋಗುತ್ತವೆ. ಹೋದದ್ದು ಹೋಯಿತು; ಗೂಡು ಕೆಸರಿನಲ್ಲಿ ಉಳಿಯಿತು; ಕೆಸರು ಕಲ್ಲಾಯಿತು.

ಮೇಷ್ಟರ ಪೆಟ್ಟಿಗೆಯಲ್ಲಿರುವುದು ಹೀಗೆ ಬಿಟ್ಟುಹೋದ ಮನೆಗಳು. ಸುಮಾರು ಹತ್ತು ಕೋಟಿ ವರ್ಷದ ಹಿಂದಿನವು.

ನಮ್ಮ ಸೀಮೆಯ ಕಲ್ಲಿನಲ್ಲಿ ಇವು ಏಕೆ ಸಿಕ್ಕಲಿಲ್ಲ ಎಂದು ಕೇಳಿದೆ. ಲಾಲ್‌ಬಾಗಿನ ಬಂಡೆಗೆ ೩೦೦ ಕೋಟಿ ವರ್ಷ. ಈ ಗೂಡುಗಳು ಕಲ್ಲಿನಲ್ಲಿ ನೆಟ್ಟಗೆ ಕಾಣಿಸಿಕೊಳ್ಳುವುದು ಇಪ್ಪತ್ತು ಕೋಟಿ ವರ್ಷಕ್ಕೆ ಸ್ವಲ್ಪ ಹಿಂದಿನಿಂದ. ಅಜ್ಜನ ಪೆಟ್ಟಿಗೆಯಲ್ಲಿ ಮೊಮ್ಮಗನ ಫೋಟೋ ಹುಡುಕಿದರೆ ಸಿಕ್ಕೀತೆ? ಅದಕ್ಕೇ ದಕ್ಷಿಣದ ಭೂವಿಜ್ಞಾನದ ವಿದ್ಯಾರ್ಥಿಗಳೆಲ್ಲ ತಿರುಚಿನಾಪಳ್ಳಿಯ ಕಡೆಗೆ ಯಾತ್ರೆ ಹೋಗುತ್ತಾರೆ. ಅರಿಯಲೂರು, ಡಾಲ್ಮಿಯಾಪುರಂ ಮುಂತಾದ ಊರುಗಳ ಕೆಳಗಿರುವುದು ಒಂದು ಕಾಲದ ಕಡಲ ತಳ. ೧೯೮೦ರ ಬೇಸಿಗೆಯಲ್ಲಿ ನಮ್ಮ ಮೇಷ್ಟರು ಅಲ್ಲಿಯ ಸುಣ್ಣಕಲ್ಲಿನ ಗಣಿಯಿಂದ ಬೂದುಬಣ್ಣದ ಜೇಡಿಗಲ್ಲನ್ನು ಕಿತ್ತು ಕಬ್ಬಿಣದ ಟ್ರಂಕಿನಲ್ಲಿ ತುಂಬಿ ರೈಲಿಗೆ ತಂದರು. ಟ್ರಂಕನ್ನು ಎತ್ತಿದ ಕೂಲಿಯವನು, “ಏನು ಸಾರ್, ಕಲ್ಲು ತುಂಬಿದ್ದೀರಾ?” ಎಂದನಂತೆ. “ಹೌದಪ್ಪಾ” ಎಂದರೆ ಅವನು ನಂಬಲಿಲ್ಲ.

ಆ ಕಲ್ಲನ್ನು ಕುಟ್ಟಿ, ಮೊದಲು ಒಂದು ಆಮ್ಲದಲ್ಲಿ ಸುಣ್ಣವನ್ನು ಕರಗಿಸಿ, ಆಮೇಲೆ ಗಾಜನ್ನೂ ತಿಂದುಹಾಕುವ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಮರಳು ಜೇಡಿಗಳನ್ನು ಕರಗಿಸಬೇಕು. ಇಷ್ಟಾದರೂ ಕರಗದೆ ಉಳಿಯುವುದು ಈ ಗೂಡಿನ ಗೋಡೆ. ಒಂದು ಮಿಲಿಮೀಟರಿನ ಉದ್ದಕ್ಕೆ ಇಪ್ಪತ್ತನ್ನು ಸಾಲಾಗಿ ನಿಲ್ಲಿಸಬಹುದು, ಅಷ್ಟು ಸಣ್ಣದು. ಕಲ್ಲು ಕರಗುವಲ್ಲಿ ಅದು ಕರಗುವುದಿಲ್ಲ.

ನಾನು ನೋಡುವುದು, ಕಂಡದ್ದನ್ನು ಹೇಳುವುದು. ಅವರು ಕಣ್ಣು ಮುಚ್ಚಿ ಕೇಳುವುದು. ಇದು ನಮ್ಮ ಕ್ರಮ. ನನಗೆ ಇಂಗ್ಲಿಷಿನ ಪಾರಿಭಾಷಿಕಗಳು ಗೊತ್ತಿಲ್ಲವಾದ್ದರಿಂದ ಬಾಯಿಗೆ ಬಂದ ಕನ್ನಡದಲ್ಲಿ ಹೇಳತೊಡಗಿದೆ. “ಹಲಸಿನಕಾಯಿ” ಎಂದೆ. “ಮುಳ್ಳು ಮೊಂಡೋ ಚೂಪೋ?” “ಚೂಪಲ್ಲ, ತುದಿ ಕವೆಯಾಗಿ ಒಡೆದಿದೆ.” “ಮುಳ್ಳು ಎಲ್ಲೆಲ್ಲಿ ನಿಂತಿದೆ?” ಎಲ್ಲೆಲ್ಲೂ ನಿಂತಿದೆ ಎಂದೆ. ಅವರು ತಲೆಯಾಡಿಸಿ, ಇನ್ನೊಮ್ಮೆ ನೋಡಿ ಎಂದರು.

ಆಗ ಅವರು ಹೇಳಿದ ಮಾತಿನಿಂದ ನನ್ನ ಕಣ್ಣಿಗೆ ಪೊರೆ ಬಿಟ್ಟಂತಾಯಿತು. ಗೂಡು ಕಟ್ಟುವಾಗ ಹೊರಗೆ ಫಲಕಗಳ ಕವಚವಿತ್ತಲ್ಲ. ಅದರ ಗುರುತು ಗೂಡಿನ ಮೇಲೆ ಹೇಗಾದರೂ ಬೀಳುತ್ತದೆ. ಕೆಲವು ಬಗೆಯಲ್ಲಿ ಮುಳ್ಳುಗಳು ಫಲಕಗಳ ಮೂಲೆ ಕೂಡುವ ಕಡೆಗೆ ನಿಲ್ಲುತ್ತವೆ. ಹೊಲದ ಬಾಂದುಕಲ್ಲಿನಂತೆ. ಇನ್ನು ಕೆಲವು ಬಗೆಯಲ್ಲಿ ಒಂದೊಂದು ಫಲಕದ ನಡುವೆ ಒಂದೊಂದು ಮುಳ್ಳು; ಅಂಗಳದ ನಡುವಿನ ತುಳಸಿಕಟ್ಟೆಯಂತೆ. ಬೇಲಿ ಹೋಗಿದ್ದರೂ ಬಾಂದುಕಲ್ಲು ನೋಡಿ ಹೊಲದ ಎಲ್ಲೆ ಹೇಳಬಹುದು. ಗೋಡೆ ಬಿದ್ದಿದ್ದರೂ ತುಳಸಿಕಟ್ಟೆಗಳನ್ನು ಎಣಿಸಿ ಇಲ್ಲಿ ಎಷ್ಟು ಮನೆಯಿದ್ದವೆಂದು ಹೇಳಬಹುದು. ಮೂಲೆಯಲ್ಲಿ ಮುಳ್ಳಿದ್ದು ತುದಿ ಕವೆಯಾಗಿದ್ದರೆ ಸ್ಪಿನಿಫೆರೈಟಿಸ್ ಇರಬಹುದು. ನಡುವೆ ಕೊಳವೆಯಂತಹ ಮುಳ್ಳು, ತುದಿ ಉಮ್ಮತ್ತಿ ಹೂವಿನಂತೆ ಅರಳಿದ್ದು, ಒಡ್ಯಾಣದ ಜಾಗ ಬರಿದಾಗಿದ್ದರೆ ಆಲಿಗೊಸ್ಫೆರಿಡಿಯಮ್. ನಾನು ಎರಡನೆಯ ಭಾನುವಾರವೇ ಇವೆರಡನ್ನು ಬೇರೆ ಮಾಡಬಲ್ಲವನಾದೆ. ಆ ಹೆಮ್ಮೆಯಲ್ಲಿ ದಾರಿಯಲ್ಲಿ ಒಂದು ಸೈಕಲ್ಲಿಗೆ ಸಿಕ್ಕಿಕೊಳ್ಳುವವನಿದ್ದೆ.

ಎಲ್ಲಕ್ಕೂ ಮುಳ್ಳಿಲ್ಲ. ಕೆಲವು ಹೊರಕವಚಕ್ಕೆ ಅಂಟಿಕೊಂಡೇ ಕಟ್ಟಿದವು. ಕವಚದ ಅಚ್ಚಿನಂತೆಯೇ ಇರುತ್ತವೆ. ಕೆಲವಕ್ಕೆ ಒಳಗೋಡೆ ಬೇರೆ, ಹೊರಗೋಡೆ ಬೇರೆ, ನಡುವೆ ಪೊಳ್ಳು. ಹೂರಣ ಒಣಗಿ ಅಲ್ಲಾಡುವ ಕರ್ಜಿಕಾಯಿ ಎಂದು ನಾನು ಹೇಳಿದ್ದನ್ನು ಮೇಷ್ಟರು ಬಹಳ ಮೆಚ್ಚಿದರು. ಒಡೊಂಟೊಕೈಟಿನಾ ಎಂಬುದೊಂದಕ್ಕೆ ಉದ್ದನೆಯ ಮೂರು ಕೊಂಬು. ಅದರ ತಲೆಯ ಕೊಂಬೇ ಮುಚ್ಚಳ. ಪ್ರಾಣಿ ಹೊರಗೆ ಹೋಗುವಾಗ ಕೊಂಬಿನ ಸಮೇತ ಮುಚ್ಚಳ ಕಳಚಿ ಬೀಳುತ್ತದೆ. ಸ್ಲೈಡಿನಲ್ಲಿ ಮುಚ್ಚಳ ಒಂದು ಮೂಲೆಗೆ, ಡಬ್ಬಿ ಒಂದು ಮೂಲೆಗೆ. ನಮ್ಮ ಅಡುಗೆಮನೆಯ ಹಾಗೆ.

ಆದರೆ ಏನನ್ನೇ ವರ್ಣಿಸಿದರೂ, ಎಷ್ಟೇ ಚೆನ್ನಾಗಿ ವರ್ಣಿಸಿದರೂ, ಮೇಷ್ಟರು ಕೊನೆಗೆ ಕೇಳುವುದು ಒಂದೇ ಪ್ರಶ್ನೆ: “ಬಾಗಿಲು ಎಲ್ಲಿದೆ?”

ಈ ಪ್ರಶ್ನೆಯ ಹಿಂದೆ ನೂರಿಪ್ಪತ್ತು ವರ್ಷಕ್ಕೂ ಮಿಕ್ಕ ಒಂದು ತಪ್ಪಿನ ಕಥೆಯಿದೆ. ೧೮೩೦ರ ದಶಕದಲ್ಲಿ ಬರ್ಲಿನ್ನಿನ ಎಹ್ರೆನ್‌ಬರ್ಗ್ ಎಂಬ ವಿದ್ವಾಂಸ ಚಕಮಕಿ ಕಲ್ಲಿನ ತೆಳು ಚಕ್ಕೆಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ. ಒಡ್ಯಾಣವಿದ್ದ ಕೆಲವನ್ನು ಡೈನೊಫ್ಲಾಜೆಲೇಟುಗಳ ಕುಲದವೆಂದು ಸರಿಯಾಗಿಯೇ ಗುರುತಿಸಿದ. ಅವುಗಳ ಪಕ್ಕದಲ್ಲೇ ಮುಳ್ಳಿನ ಚೆಂಡುಗಳಿದ್ದವು. ಸಿಹಿನೀರಿನ ಒಂದು ಪಾಚಿಯ ಬೀಜಕೋಶಕ್ಕೂ ಅಂತಹ ಮುಳ್ಳಿರುವುದು ಅವನಿಗೆ ತಿಳಿದಿತ್ತು; ಅದರ ಹೆಸರನ್ನೇ ಇವಕ್ಕೂ ಕೊಟ್ಟುಬಿಟ್ಟ. ಇಗ್ವಾನೊಡಾನ್ ಎಂಬ ದೈತ್ಯ ಪ್ರಾಣಿಗೆ ಹೆಸರಿಟ್ಟ ಇಂಗ್ಲೆಂಡಿನ ವೈದ್ಯ ಮ್ಯಾಂಟೆಲ್, ಇವು ಆ ಪಾಚಿಯಲ್ಲವೆಂದು ಹೇಳಿ ಸ್ಪಿನಿಫೆರೈಟಿಸ್, ಅಂದರೆ ಮುಳ್ಳು ಹೊತ್ತವು, ಎಂದು ಬೇರೆ ಹೆಸರಿಟ್ಟ. ೧೮೫೦ರ ಆ ಹೆಸರು ಮೂಲೆಗೆ ಬಿತ್ತು. ೧೯೩೩ರಲ್ಲಿ ಜರ್ಮನಿಯ ಓಟೊ ವೆಟ್ಸೆಲ್ ಎಂಬಾತ ಮುಳ್ಳುಹಂದಿ ಎಂಬರ್ಥದ ಗ್ರೀಕ್ ಮಾತಿನಿಂದ ಹಿಸ್ಟ್ರಿಕೊಸ್ಫಿಯರ್‌ಗಳ ಕುಟುಂಬವನ್ನೇ ಕಟ್ಟಿದ. ಮುಳ್ಳಿದ್ದವೆಲ್ಲ ಒಂದೇ ಮನೆತನ! ಮೀಸೆಯಿದ್ದವರೆಲ್ಲ ದಾಯಾದಿಗಳೆಂದ ಹಾಗಾಯಿತು. ಪಂಡಿತರ ಹೊಟ್ಟೆಯೊಳಗೆ ಸಂಶಯವಿದ್ದರೂ ಹೆಸರೊಂದು ಪುಸ್ತಕದಲ್ಲಿ ಕೂತ ಮೇಲೆ ಅದಕ್ಕೆ ತಾನೇ ಕಾವಲುಗಾರನಾಗುವ ಶಕ್ತಿ ಬರುತ್ತದೆ.

೧೯೬೧ರಲ್ಲಿ ಅಮೆರಿಕದ ವಿಲಿಯಂ ಎವಿಟ್ ಮುಳ್ಳನ್ನು ಬಿಟ್ಟು ತೂತನ್ನು ನೋಡಿದ. ಈತ ತೈಲ ಕಂಪನಿಯೊಂದರ ಸಂಶೋಧನಾಲಯದಲ್ಲಿದ್ದು ಆಮೇಲೆ ಸ್ಟ್ಯಾನ್‌ಫರ್ಡ್ ಸೇರಿದವನು. ಈ ಚೆಂಡುಗಳಲ್ಲಿ ಹಲವಕ್ಕೆ ಒಂದು ಕಡೆ ತೂತಿರುವುದನ್ನು ಹಿಂದಿನವರೂ ಕಂಡಿದ್ದರು. ಎವಿಟ್ ಆ ತೂತಿನ ಅಂಚನ್ನು ನೋಡಿದ. ಅದು ಕಲ್ಲಿನ ಭಾರಕ್ಕೆ ಹರಿದದ್ದಲ್ಲ. ನೇರ ಬದಿ, ಸರಿಯಾದ ಮೂಲೆ. ಡೈನೊಫ್ಲಾಜೆಲೇಟಿನ ಒಂದು ಫಲಕದ ಆಕಾರವೇ ಸರಿ. ಎಂದರೆ ಒಳಗಿದ್ದ ಪ್ರಾಣಿ ತೆರೆದುಕೊಂಡು ಹೋದ ಬಾಗಿಲು. ಹಾಗಾದರೆ ಮುಳ್ಳುಹಂದಿಗಳಲ್ಲಿ ಬಹುಪಾಲು ಡೈನೊಫ್ಲಾಜೆಲೇಟಿನ ಗೂಡುಗಳೇ! ಆ ಕಿಂಡಿಗೆ ಅವನು ‘ಆರ್ಕಿಯೊಪೈಲ್’ ಎಂದು ಹೆಸರಿಟ್ಟ. ಗ್ರೀಕಿನಲ್ಲಿ ‘ಹಳೆಯ ಬಾಗಿಲು’ ಎಂದರ್ಥ. ಅಂದಿನಿಂದ ಇವುಗಳ ವಿಂಗಡಣೆಯಲ್ಲಿ ಮೊದಲ ಮಾತು ಬಾಗಿಲಿನದು: ನೆತ್ತಿಯಲ್ಲಿದೆಯೋ, ಒಡ್ಯಾಣದ ಮೇಲಿನ ಸಾಲಿನಲ್ಲಿದೆಯೋ, ಎರಡರ ನಡುವೆಯೋ; ಒಂದು ಫಲಕವೋ ಹಲವೋ. ಮುಳ್ಳಿನ ಮಾತು ಆಮೇಲೆ. ಮ್ಯಾಂಟೆಲ್ಲನ ಹಳೆಯ ಹೆಸರೂ ೧೯೭೦ರಲ್ಲಿ ಮತ್ತೆ ಗದ್ದುಗೆಗೆ ಬಂತು.

ಬಾಗಿಲೂ ಕಾಣದೆ ಫಲಕದ ಗುರುತೂ ಇಲ್ಲದೆ ಉಳಿದವಕ್ಕೆ ಎವಿಟ್ ೧೯೬೩ರಲ್ಲಿ ‘ಆಕ್ರಿಟಾರ್ಕ್’ ಎಂಬ ಹೆಸರು ಕೊಟ್ಟ. ಹುಟ್ಟು ನಿಶ್ಚಯವಿಲ್ಲದ್ದು ಎಂದರ್ಥ. ನನಗೆ ಈ ಹೆಸರು ಬಹಳ ಹಿಡಿಸಿತು. ನಮ್ಮ ಶಾಸ್ತ್ರದಲ್ಲಿ ಇಂತಹ ಕಪಾಟೊಂದು ಇಲ್ಲದಿರುವುದು ಒಂದು ಕೊರತೆ. ಕೇಶಿರಾಜ ಅಪಭ್ರಂಶಕ್ಕೆಂದೇ ಒಂದು ಪ್ರಕರಣ ಬರೆದಿದ್ದಾನೆ. ತರಗತಿಯಲ್ಲಿ ‘ಬಿನ್ನಹ’ ಎಂಬ ಮಾತನ್ನು ಬರೆದು ಇದು ಎಲ್ಲಿಯದು ಎಂದರೆ ಹುಡುಗರೆಲ್ಲ ಅಚ್ಚಗನ್ನಡ ಎನ್ನುತ್ತಾರೆ. ‘ವಿಜ್ಞಾಪನ’ದ ತದ್ಭವವೆಂದರೆ ನಂಬುವುದಿಲ್ಲ. ಮೈಕಟ್ಟು ನೋಡಿ ಮೋಸಹೋಗುವುದು ಅವರೊಬ್ಬರೇ ಅಲ್ಲ. ನಾನೇ ಪರೀಕ್ಷೆಯಲ್ಲಿ, ದೇಶ್ಯವೋ ತದ್ಭವವೋ ತೀರ್ಮಾನವಾಗದ ಒಂದು ಶಬ್ದದ ಎದುರಿಗೆ ‘ಗೊತ್ತಾಗುವುದಿಲ್ಲ’ ಎಂದು ಬರೆದ ಹುಡುಗನಿಗೆ ಸೊನ್ನೆ ಹಾಕಿದ್ದೇನೆ. ಊಹಿಸಿ ಬರೆದವನಿಗೆ ಒಂದು ಅಂಕ ಸಿಕ್ಕಿತು. ಆ ಹುಡುಗ ಈಗ ಎಲ್ಲಿದ್ದಾನೋ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಅದೇ ಅರವತ್ತರ ದಶಕದಲ್ಲಿ ಅಮೆರಿಕದ ವುಡ್ಸ್ ಹೋಲಿನಲ್ಲಿ ಡೇವಿಡ್ ವಾಲ್, ಬ್ಯಾರಿ ಡೇಲ್ ಎಂಬಿಬ್ಬರು ಈಗಿನ ಕಡಲ ಕೆಸರಿನಿಂದ ಜೀವಂತ ಗೂಡುಗಳನ್ನು ಹೆಕ್ಕಿ, ಹೊರಗೆ ಏನು ಬರುತ್ತದೆಂದು ಕಾದು ಕುಳಿತರು. ಬೇರೆ ಬೇರೆ ಹೆಸರಿನ ಸ್ಪಿನಿಫೆರೈಟಿಸ್ ಗೂಡುಗಳ ಬಾಗಿಲು ತೆರೆಯಿತು. ಹೊರಗೆ ಬಂದವು ನೋಡಲು ಹೆಚ್ಚುಕಡಿಮೆ ಒಂದೇ ಬಗೆಯ ಈಜುವ ಜೀವಿಗಳು. ಆ ಜೀವಿಗೆ ಆಗಲೇ ಬೇರೆ ಹೆಸರಿತ್ತು, ಗೋನಿಯಾಲಾಕ್ಸ್ ಎಂದು. ನಿವಾಸಿಗೆ ಒಂದು ಹೆಸರು, ಮನೆಗೆ ಇನ್ನೊಂದು. ಅಂಬಿಕಾತನಯದತ್ತರ ಕವನವನ್ನೂ ದ. ರಾ. ಬೇಂದ್ರೆಯವರ ಲೇಖನವನ್ನೂ ಕಂಡ ಪರದೇಶಿಯೊಬ್ಬ ಇಬ್ಬರು ಲೇಖಕರೆಂದು ಪಟ್ಟಿ ಮಾಡಿದರೆ ಅವನನ್ನು ಹೇಗೆ ತಪ್ಪೆನ್ನುವುದು? ಮೇಷ್ಟರ ಪೆಟ್ಟಿಗೆಯಲ್ಲಿರುವವುಗಳ ನಿವಾಸಿಗಳನ್ನಂತೂ ಯಾರೂ ಕಾಣಲಾರರು. ಅಲ್ಲಿ ಮನೆಯ ಆಕಾರವೇ ಗತಿ.

ಹೋದ ಭಾನುವಾರ ೧೮೭ನೆಯ ಸ್ಲೈಡಿಗೆ ಬಂದೆವು. ಚೀಟಿಯ ಮೇಲೆ ಮೇಷ್ಟರ ಎಳೆಯ ಕಾಲದ ಅಕ್ಷರ: ‘ಆಕ್ರಿಟಾರ್ಕ್’, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಓದಿ ಹೇಳಿದೆ. ಅವರು ಕುರ್ಚಿಯಲ್ಲಿ ನೆಟ್ಟಗಾದರು.

“ಅದು ಇದೆಯೇ ಇನ್ನೂ? ನೋಡಿ ಸ್ವಾಮಿ, ಅದರಲ್ಲಿ ನನಗೆ ಯಾವಾಗಲೂ ಅನುಮಾನ. ಬಾಗಿಲು ಕೆಳಮೈಯಲ್ಲಿ ಇರಬಹುದು. ಆಗ ನಮ್ಮಲ್ಲಿದ್ದ ಯಂತ್ರದಲ್ಲಿ ಕಾಣಲಿಲ್ಲ. ಸಣ್ಣ ತಿರುಪನ್ನು ನಿಧಾನವಾಗಿ ಇಳಿಸಿ.”

ಸೂಕ್ಷ್ಮದರ್ಶಕದಲ್ಲಿ ಇದೊಂದು ಸೋಜಿಗ. ಈ ಗೂಡುಗಳು ಪಾರದರ್ಶಕ. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮೇಲ್ಮೈ ಮಾಯವಾಗಿ ನಡುಭಾಗ, ಇನ್ನಷ್ಟು ತಿರುಗಿಸಿದರೆ ಕೆಳಮೈ ಒಳಗಿನಿಂದ ಕಾಣುತ್ತದೆ. ಹಾಗೆಯೇ ಇಳಿಸಿದೆ. ಮುಳ್ಳುಗಳು ಮಸುಕಾದವು. ಕೆಳಗಿನಿಂದ ಒಂದು ಬಿಳಿಯ ಕಿಂಡಿ ಎದ್ದು ಬಂತು.

“ಇದೆ ಸಾರ್!” ಎಂದು ಕೂಗಿದೆ.

ಒಳಗಿನಿಂದ ಅವರ ಮನೆಯವರು ಏನಾಯಿತೆಂದು ಬಾಗಿಲಿಗೆ ಬಂದರು. ಮೇಷ್ಟರ ಮುಖ ಅರಳಿದ್ದನ್ನು ನಾನು ಅಷ್ಟು ದಿನ ಕಂಡಿರಲಿಲ್ಲ. ನಲವತ್ತು ವರ್ಷಕ್ಕೂ ಮೀರಿ ಇಟ್ಟುಕೊಂಡಿದ್ದ ಪ್ರಶ್ನೆ.

“ಎಷ್ಟು ಬದಿ? ಎಣಿಸಿ.”

ಎಣಿಸಿದೆ. ಒಂದು ಬದಿ ನೇರವಾಗಿತ್ತು. ಒಂದು ಮೂಲೆ, ಎರಡನೆಯ ಬದಿಯೂ ನೇರ. ಅಲ್ಲಿಂದ ಮುಂದೆ ಅಂಚು ಚಿಂದಿಯಾಗಿತ್ತು. ಒಂದು ಕಡೆ ಗೋಡೆ ಒಳಕ್ಕೆ ಮಡಿಸಿಕೊಂಡಿತ್ತು. ಮತ್ತೆ ನೋಡಿದೆ. ತಿರುಪನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದೆ. ಐದು ಬದಿ ಎಂದು ಹೇಳಿಬಿಟ್ಟರೆ? ಆ ಸ್ಲೈಡನ್ನು ಇನ್ನು ಯಾರು ನೋಡುತ್ತಾರೆ? ನೋಡಿದರೂ ಎಷ್ಟು ವರ್ಷದ ಮೇಲೆ? ಅವರು ನನ್ನ ಕಿವಿಯ ಕಡೆಗೆ ನೋಡುತ್ತ ಕಾದಿದ್ದರು. ನಾನು ಕಣ್ಣನ್ನು ಗಾಜಿನಿಂದ ತೆಗೆಯಲೇ ಇಲ್ಲ. ತೆಗೆದರೆ ಅವರ ಮುಖ ನೋಡಬೇಕಾಗುತ್ತಿತ್ತು.

“ಎರಡು ಬದಿ ನೇರ ಇದೆ ಸಾರ್. ಉಳಿದದ್ದು ಹರಿದಿದೆ.”

“ಹರಿದದ್ದೇ? ಖಂಡಿತವೋ?”

“ಖಂಡಿತ.”

“ಎರಡು ನೇರವಾಗಿದ್ದರೆ...” ಎಂದು ಶುರುಮಾಡಿ ಅವರು ಸುಮ್ಮನಾದರು. ಅವರ ಮನೆಯವರು ಒಳಗೆ ಹೋದರು. ಹೊರಗೆ ಸೊಪ್ಪಿನವನು ಕೂಗಿಕೊಂಡು ಹೋಗುತ್ತಿದ್ದ. ಅವನ ಕೂಗು ಬೀದಿಯ ಕೊನೆ ಮುಟ್ಟುವವರೆಗೆ ನಾವಿಬ್ಬರೂ ಮಾತನಾಡಲಿಲ್ಲ.

“ಹಾಗಾದರೆ ಪ್ರಶ್ನಾರ್ಥಕ ಹಾಗೇ ಇರಲಿ” ಎಂದರು ಆಮೇಲೆ. “ಕಂಡದ್ದನ್ನು ಮಾತ್ರ ಪಟ್ಟಿಯಲ್ಲಿ ಬರೆಯಿರಿ. ಇಂಗ್ಲಿಷಿಗೆ ಆಮೇಲೆ ಮಾಡೋಣ. ಮೊದಲು ನೀವು ಹೇಳಿದ ಹಾಗೇ ಬರೆಯಿರಿ.”

ಬರೆದೆ: ‘೧೮೭. ಮುಳ್ಳಿನ ಚೆಂಡು. ಮುಳ್ಳು ಚೂಪು, ಕವೆಯಿಲ್ಲ. ಕೆಳಮೈಯಲ್ಲಿ ಕಿಂಡಿ. ಎರಡು ಬದಿ ನೇರ, ಉಳಿದದ್ದು ಹರಿದಿದೆ.’ ಓದಿ ಹೇಳಿದೆ. ಅವರು ‘ಕಿಂಡಿ’ಯ ಮುಂದೆಯೂ ಒಂದು ಪ್ರಶ್ನಾರ್ಥಕ ಹಾಕಿಸಿದರು.

ಪೆಟ್ಟಿಗೆಯಲ್ಲಿ ಇನ್ನು ಇಪ್ಪತ್ತಾರು ಸ್ಲೈಡುಗಳಿವೆ. ಬರುವ ಭಾನುವಾರ ನಮ್ಮ ಮನೆಯಾಕೆಯ ಕಡೆಯ ಒಂದು ಮದುವೆ, ತಪ್ಪಿಸುವಂತಿಲ್ಲ. ಅದರ ಮುಂದಿನ ಭಾನುವಾರ ಬರುತ್ತೇನೆಂದು ಮೇಷ್ಟರಿಗೆ ಹೇಳಿ ಬಂದಿದ್ದೇನೆ.